ಜೆಫ್ರಿ ಗಾರ್ಡನ್ ಮತ್ತು ಕರುಳಿನ ಬ್ಯಾಕ್ಟೀರಿಯಾ: ಯಾವುದು ಕಾರಣ, ಯಾವುದು ಪರಿಣಾಮ?

ಕರುಳಿನ ಸೂಕ್ಷ್ಮಜೀವಿಗಳ ಬಗ್ಗೆ ಓದಲು ಕೂತರೆ ನಂಟುಗಳ ಪಟ್ಟಿಯೇ ಸಿಗುತ್ತದೆ. ಬೊಜ್ಜಿಗೂ ಬ್ಯಾಕ್ಟೀರಿಯಾಕ್ಕೂ ನಂಟು, ಸಕ್ಕರೆ ಕಾಯಿಲೆಗೂ ನಂಟು, ಮನಸ್ಸಿನ ಬೇಸರಕ್ಕೂ ನಂಟು. ಸರಿ, ಇರಲಿ. ಆದರೆ ಬ್ಯಾಕ್ಟೀರಿಯಾ ಬದಲಾಗಿ ಕಾಯಿಲೆ ಬಂತಾ, ಕಾಯಿಲೆ ಬಂದು ಬ್ಯಾಕ್ಟೀರಿಯಾ ಬದಲಾಯಿತಾ? ಈ ಒಂದು ಪ್ರಶ್ನೆ ಕೈಯಲ್ಲಿಟ್ಟುಕೊಂಡು ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗಾರ್ಡನ್ ಅವರ ಕೆಲಸವನ್ನು ಓದಿ. ಬಿಡಿಬಿಡಿಯಾಗಿ ಕಾಣುವ ಪ್ರಯೋಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಮೊದಲು ಒಂದು ಹಳೆಯ ಅಂಕಿ ಅಳಿಸಿಬಿಡೋಣ. ನಮ್ಮ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾ 10 ಪಟ್ಟು ಜಾಸ್ತಿ ಎಂದು ಈಗಲೂ ಎಷ್ಟೋ ಕಡೆ ಬರೆದಿರುತ್ತಾರೆ. ಇಸ್ರೇಲ್‌ನ ವೈಝ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಜೊತೆಗಾರರು 2016ರಲ್ಲಿ ಲೆಕ್ಕ ಹಾಕಿ ನೋಡಿದರು. 70 ಕಿಲೊ ತೂಕದ ಗಂಡಸಿನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಸುಮಾರು 30 ಲಕ್ಷ ಕೋಟಿ ಮನುಷ್ಯ ಜೀವಕೋಶಗಳು. ಅಂದರೆ ಹೆಚ್ಚುಕಡಿಮೆ ಸಮಸಮ.

ಬ್ಯಾಕ್ಟೀರಿಯಾ ಇಲ್ಲದ ಇಲಿ

ಗಾರ್ಡನ್ ಅವರ ಮುಖ್ಯ ಸಾಧನ ಇದೇ. ಮುಚ್ಚಿದ ಗೂಡಿನಲ್ಲಿ, ಸೋಸಿದ ಗಾಳಿ ಮತ್ತು ಕ್ರಿಮಿಶುದ್ಧ ಮಾಡಿದ ಆಹಾರ ಕೊಟ್ಟು, ಒಂದೂ ಸೂಕ್ಷ್ಮಜೀವಿ ತಾಗದಂತೆ ಇಲಿಗಳನ್ನು ಬೆಳೆಸುತ್ತಾರೆ. ಆಮೇಲೆ ತಮಗೆ ಬೇಕಾದ ಬ್ಯಾಕ್ಟೀರಿಯಾ ಮಾತ್ರ ಒಳಗೆ ಬಿಡುತ್ತಾರೆ. ಉಳಿದದ್ದೆಲ್ಲ ಒಂದೇ ಆಗಿದ್ದು, ಬ್ಯಾಕ್ಟೀರಿಯಾ ಒಂದೇ ಬೇರೆಯಾಗಿದ್ದರೆ, ಕಾಣುವ ವ್ಯತ್ಯಾಸಕ್ಕೆ ಅದೇ ಕಾರಣ ಎನ್ನಬಹುದು, ಅಲ್ವಾ?

2004ರಲ್ಲಿ ಫ್ರೆಡ್ರಿಕ್ ಬೆಕೆಡ್ ಮತ್ತು ಗಾರ್ಡನ್ ತಂಡ ಇಂಥ ಇಲಿಗಳಿಗೆ ಮಾಮೂಲಿ ಇಲಿಯ ಕರುಳಿನ ಬ್ಯಾಕ್ಟೀರಿಯಾ ಕೊಟ್ಟಿತು. 14 ದಿನದೊಳಗೆ ಮೈಯ ಕೊಬ್ಬು ಶೇ. 60ರಷ್ಟು ಏರಿತು. ಅದೂ ಮೊದಲಿಗಿಂತ ಕಡಿಮೆ ತಿಂದು! ಕಾರಣ ಎರಡು. ಇಲಿಗೆ ಜೀರ್ಣವಾಗದ ನಾರನ್ನು ಬ್ಯಾಕ್ಟೀರಿಯಾ ಒಡೆದು ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ, ಅಲ್ಲಿಂದ ಹೆಚ್ಚುವರಿ ಶಕ್ತಿ ಸಿಗುತ್ತದೆ. ಜೊತೆಗೆ, ಕೊಬ್ಬು ಶೇಖರಣೆಗೆ ಕಡಿವಾಣ ಹಾಕುವ ಫಿಯಾಫ್ ಎಂಬ ಪ್ರೋಟೀನ್ ಕರುಳಿನಲ್ಲಿ ತಯಾರಾಗುವುದನ್ನು ಅವು ತಗ್ಗಿಸುತ್ತವೆ. ಪರೀಕ್ಷೆಯಲ್ಲಿ ಹುಡುಗರು ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

2006ರಲ್ಲಿ ಪೀಟರ್ ಟರ್ನ್‌ಬಾ ಜೊತೆ ಮಾಡಿದ ಪ್ರಯೋಗ ಇನ್ನೂ ಹೆಸರಾಯಿತು. ದಪ್ಪ ಇಲಿಯ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಕೊಬ್ಬು ಶೇ. 47ರಷ್ಟು ಏರಿದರೆ, ತೆಳ್ಳನೆಯ ಇಲಿಯ ಬ್ಯಾಕ್ಟೀರಿಯಾ ಪಡೆದವುಗಳಲ್ಲಿ ಏರಿದ್ದು ಶೇ. 27 ಮಾತ್ರ. ಕರುಳಿನ ಬ್ಯಾಕ್ಟೀರಿಯಾದ ಎರಡು ದೊಡ್ಡ ಗುಂಪುಗಳಲ್ಲಿ, ಬೊಜ್ಜಿದ್ದವರಲ್ಲಿ ಫರ್ಮಿಕ್ಯೂಟ್ಸ್ ಜಾಸ್ತಿ, ಬ್ಯಾಕ್ಟೀರಾಯ್ಡಿಟೀಸ್ ಕಡಿಮೆ ಎಂಬ ಮಾತು ಹರಡಿದ್ದೂ ಆ ಕಾಲದಲ್ಲೇ. ಈ ಅನುಪಾತವನ್ನು ಬಾಯಿಪಾಠ ಮಾಡಬೇಡಿ. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮನುಷ್ಯರಲ್ಲಿ ಅದು ನೆಚ್ಚಬಹುದಾದ ಗುರುತಾಗಿ ಉಳಿಯಲಿಲ್ಲ.

ಅವಳಿಗಳು, ಹಿಕ್ಕೆ ಮತ್ತು ಊಟ

2013ರಲ್ಲಿ ವನೆಸ್ಸಾ ರಿಡೌರಾ ಮತ್ತು ಗಾರ್ಡನ್ ಮನುಷ್ಯರ ಬ್ಯಾಕ್ಟೀರಿಯಾಕ್ಕೇ ಕೈಹಾಕಿದರು. ಆರಿಸಿಕೊಂಡದ್ದು ಒಬ್ಬಳು ದಪ್ಪ, ಇನ್ನೊಬ್ಬಳು ತೆಳ್ಳಗಿದ್ದ 4 ಜೋಡಿ ಅವಳಿ ಅಕ್ಕತಂಗಿಯರನ್ನು. ಇಬ್ಬರ ಮಲದ ಬ್ಯಾಕ್ಟೀರಿಯಾವನ್ನೂ ಬೇರೆ ಬೇರೆ ಇಲಿಗಳಿಗೆ ಕೊಟ್ಟರು. ದಪ್ಪಗಿದ್ದವಳ ಬ್ಯಾಕ್ಟೀರಿಯಾ ಪಡೆದ ಇಲಿಗೆ ಕೊಬ್ಬು ಜಾಸ್ತಿ ಬಂತು.

ನನಗೆ ಈ ಪ್ರಬಂಧದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ಹೆಜ್ಜೆ. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿ ಬಿಟ್ಟರು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ, ಹಾಗಾಗಿ ಬ್ಯಾಕ್ಟೀರಿಯಾ ತಾನಾಗಿ ಅದಲುಬದಲಾಗುತ್ತದೆ. ತೆಳ್ಳನೆಯ ಗುಂಪಿನ ಬ್ಯಾಕ್ಟೀರಿಯಾ ದಪ್ಪ ಗುಂಪಿನ ಇಲಿಯೊಳಗೆ ಹೋಗಿ ನೆಲೆಯೂರಿ, ಕೊಬ್ಬು ಏರುವುದನ್ನು ತಡೆದವು. ಅತ್ತಲಿಂದ ಇತ್ತ ಬಂದು ನೆಲೆಸಿದ್ದು ಬಹಳ ಕಡಿಮೆ. ಆದರೆ ಇದು ನಡೆದದ್ದು ಕೊಬ್ಬು ಕಡಿಮೆ, ನಾರು ಜಾಸ್ತಿ ಇದ್ದ ಆಹಾರ ಕೊಟ್ಟಾಗ. ಕೊಬ್ಬು ಜಾಸ್ತಿ, ಹಣ್ಣು ತರಕಾರಿ ಕಡಿಮೆ ಇರುವ ಅಮೆರಿಕನ್ ಊಟದ ಮಾದರಿ ಕೊಟ್ಟಾಗ ಒಳ್ಳೆಯ ಬ್ಯಾಕ್ಟೀರಿಯಾ ಬೇರೂರಲೇ ಇಲ್ಲ. ಊಟ ಸರಿ ಇಲ್ಲದೆ ಬರೀ ಬ್ಯಾಕ್ಟೀರಿಯಾ ನುಂಗಿ ಪ್ರಯೋಜನ ಕಡಿಮೆ ಎಂಬ ಸುಳಿವು ಇಲ್ಲೇ ಇದೆ.

ಅದೇ ವರ್ಷ ಆಫ್ರಿಕಾದ ಮಲಾವಿಯಿಂದ ಗಾರ್ಡನ್ ತಂಡದ ಇನ್ನೊಂದು ಕೆಲಸ ಬಂತು. 317 ಜೋಡಿ ಅವಳಿಗಳನ್ನು ಮೊದಲ 3 ವರ್ಷ ಗಮನಿಸಿದರು. ಒಂದೇ ಮನೆ, ಒಂದೇ ಊಟ; ಆದರೂ ಕೆಲವು ಜೋಡಿಗಳಲ್ಲಿ ಒಂದು ಮಗುವಿಗೆ ಮಾತ್ರ ಕ್ವಾಶಿಯೋರ್ಕರ್, ಅಂದರೆ ಮೈ ಊದಿಕೊಳ್ಳುವ ತೀವ್ರ ಅಪೌಷ್ಟಿಕತೆ. ಆ ಮಗುವಿನ ಬ್ಯಾಕ್ಟೀರಿಯಾ ಪಡೆದು ಮಲಾವಿಯ ಊಟವನ್ನೂ ತಿಂದ ಇಲಿಗಳು ಸೊರಗಿದವು. ಎರಡರಲ್ಲಿ ಒಂದೇ ಇದ್ದರೆ ಹಾಗೆ ಆಗಲಿಲ್ಲ.

ಢಾಕಾ: ಮೈಗಿಂತ ಹಿಂದೆ ಉಳಿದ ಕರುಳು

ಬಾಂಗ್ಲಾದೇಶದ ಢಾಕಾದಲ್ಲಿ ಐಸಿಡಿಡಿಆರ್‌ಬಿ ಎಂಬ ದೊಡ್ಡ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ತಹಮೀದ್ ಅಹ್ಮದ್ ಮತ್ತು ಗಾರ್ಡನ್ ಸೇರಿ ಮೀರ್‌ಪುರದ ಕೊಳೆಗೇರಿಯ ಮಕ್ಕಳನ್ನು ಅಧ್ಯಯನ ಮಾಡಿದರು. ಮೊದಲ ಎರಡು ವರ್ಷದಲ್ಲಿ ಮಗುವಿನ ಕರುಳಿನ ಬ್ಯಾಕ್ಟೀರಿಯಾ ಒಂದು ಕ್ರಮದಲ್ಲಿ ಬದಲಾಗುತ್ತಾ ಹೋಗುತ್ತದೆ. 24 ಬಗೆಯ ಬ್ಯಾಕ್ಟೀರಿಯಾ ನೋಡಿ ಆರೋಗ್ಯವಂತ ಮಗುವಿನ ವಯಸ್ಸನ್ನೇ ಅಂದಾಜು ಮಾಡಬಹುದು ಎಂದು 2014ರಲ್ಲಿ ತೋರಿಸಿದರು. ತೀವ್ರ ಅಪೌಷ್ಟಿಕತೆ ಇರುವ ಮಗುವಿನ ಕರುಳಿನ ಸಮುದಾಯ ತನಗಿಂತ ಚಿಕ್ಕ ಮಗುವಿನದರಂತೆ ಇತ್ತು. ಮಾಮೂಲಿ ಚಿಕಿತ್ಸಾ ಆಹಾರ ಕೊಟ್ಟಾಗ ಸ್ವಲ್ಪ ಸುಧಾರಿಸಿ, ನಿಲ್ಲಿಸಿದ ಮೇಲೆ ಮತ್ತೆ ಹಿಂದಕ್ಕೆ ಜಾರಿತು.

ಇದು ನಮಗೆ ದೂರದ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಹಾಗಾದರೆ ಮಗುವಿಗೆ ಮಾತ್ರವಲ್ಲ, ಕರುಳಿನ ಬ್ಯಾಕ್ಟೀರಿಯಾಕ್ಕೂ ಬೇಕಾದ ಆಹಾರ ಯಾವುದು? ಸ್ಥಳೀಯವಾಗಿ ಸಿಗುವ ಪದಾರ್ಥಗಳನ್ನು ಇಲಿಗಳಲ್ಲಿ, ಆಮೇಲೆ ಹಂದಿಮರಿಗಳಲ್ಲಿ ಪರೀಕ್ಷಿಸಿ, 2019ರಲ್ಲಿ ಎಂಡಿಸಿಎಫ್-2 (ಕರುಳಿನ ಸೂಕ್ಷ್ಮಜೀವಿಗಳನ್ನು ಗುರಿಯಾಗಿಟ್ಟ ಪೂರಕ ಆಹಾರ ಎಂಬುದರ ಇಂಗ್ಲಿಷ್ ಹೆಸರಿನ ಚುಟುಕು) ಎಂಬ ಮಿಶ್ರಣಕ್ಕೆ ಬಂದರು. ಅದರ ಮುಖ್ಯ ಪದಾರ್ಥ ಕಡಲೆಹಿಟ್ಟು, ಶೇಂಗಾ ಹಿಟ್ಟು, ಸೋಯಾ ಹಿಟ್ಟು ಮತ್ತು ಬಾಳೆಕಾಯಿ. ಎಲ್ಲ ನಮ್ಮ ಅಡುಗೆಮನೆಯವೇ. ಹಾಗಂತ ಸುಮ್ನೆ ಕಲಸಿ ಅಪೌಷ್ಟಿಕ ಮಗುವಿಗೆ ತಿನ್ನಿಸುವುದಲ್ಲ. ಪ್ರಯೋಗದ ಮಿಶ್ರಣದಲ್ಲಿ ವಿಟಮಿನ್, ಖನಿಜಗಳ ಅಳತೆಯೂ ಇತ್ತು, ಮಕ್ಕಳ ಮೇಲೆ ನಿಗಾ ಕೂಡ ಇತ್ತು.

2021ರಲ್ಲಿ ಬಂದ ಪ್ರಯೋಗದ ವಿವರ: ಮೀರ್‌ಪುರದ 12ರಿಂದ 18 ತಿಂಗಳ, ಮಧ್ಯಮ ಅಪೌಷ್ಟಿಕತೆಯ ಮಕ್ಕಳು, ದಿನಕ್ಕೆ ಎರಡು ಬಾರಿ, 3 ತಿಂಗಳು. 118 ಮಕ್ಕಳು ಕೊನೆಯವರೆಗೆ ಉಳಿದರು. ಅರ್ಧ ಮಕ್ಕಳಿಗೆ ಎಂಡಿಸಿಎಫ್-2, ಉಳಿದವರಿಗೆ ಅಕ್ಕಿ, ಬೇಳೆ, ಹಾಲಿನ ಪುಡಿಯ ಪೂರಕ ಆಹಾರ. ಎಂಡಿಸಿಎಫ್-2ನಲ್ಲಿ ಕ್ಯಾಲೊರಿ ಕಡಿಮೆ. ಆದರೂ ಉದ್ದಕ್ಕೆ ತಕ್ಕ ತೂಕದ ಝಡ್ ಸ್ಕೋರ್ (ಆರೋಗ್ಯವಂತ ಮಕ್ಕಳ ಸರಾಸರಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಎಂಬ ಅಳತೆ) ವಾರಕ್ಕೆ 0.021 ಏರಿತು, ಇನ್ನೊಂದರಲ್ಲಿ 0.010. ವ್ಯತ್ಯಾಸ ಚಿಕ್ಕದು, ಪ್ರಯೋಗವೂ ಚಿಕ್ಕದು. ಪತ್ರಿಕೆಗಳ ತಲೆಬರಹ ನೋಡಿ ಹಿಗ್ಗುವ ಮೊದಲು ಇದನ್ನು ನೆನಪಿಡಿ. ನನಗೆ ಹೆಚ್ಚು ತೂಕದ್ದೆನಿಸಿದ್ದು ರಕ್ತದ ಫಲಿತಾಂಶ. ತೂಕ ಏರಿದಂತೆ ಏರಿದ 70 ಪ್ರೋಟೀನ್‌ಗಳಲ್ಲಿ ಮೂಳೆ ಮತ್ತು ಮಿದುಳಿನ ಬೆಳವಣಿಗೆಗೆ ಸೇರಿದವೂ ಇದ್ದವು, ಎಂಡಿಸಿಎಫ್-2 ಅವುಗಳನ್ನು ಹೆಚ್ಚು ಏರಿಸಿತು.

ಯಾವ ಬ್ಯಾಕ್ಟೀರಿಯಾ ಈ ಕೆಲಸ ಮಾಡಿತು? ಮುಂದಿನ ಸಂಶೋಧನೆಯಲ್ಲಿ ಎದ್ದು ಕಂಡದ್ದು ಪ್ರಿವೊಟೆಲ್ಲಾ ಕೋಪ್ರಿ. ಈ ಹಿಟ್ಟುಗಳಲ್ಲಿರುವ ಸಂಕೀರ್ಣ ಸಕ್ಕರೆ ಸರಪಳಿಗಳನ್ನು ಒಡೆಯುವ ಜೀನ್‌ಗಳು ಅದರ ಕೆಲವು ತಳಿಗಳಲ್ಲಿವೆ. ಎಲ್ಲ ತಳಿಗಳಲ್ಲೂ ಇಲ್ಲ, ಆದ್ದರಿಂದ ಪರೀಕ್ಷೆಯ ಉತ್ತರದಲ್ಲಿ ಜಾತಿಯ ಹೆಸರು ಬರೆದು ನಿಲ್ಲಿಸದೆ ತಳಿಯ ಮಾತನ್ನೂ ಸೇರಿಸಿ. ಇನ್ನೊಂದು: ಎಂಡಿಸಿಎಫ್-2 ಪ್ರೋಬಯಾಟಿಕ್ ಅಲ್ಲ. ಅದು ಹೊಸ ಬ್ಯಾಕ್ಟೀರಿಯಾ ತಂದು ಬಿಡುವುದಿಲ್ಲ, ಮಗುವಿನ ಕರುಳಿನಲ್ಲಿ ಆಗಲೇ ಇರುವುದಕ್ಕೆ ಊಟ ಕೊಡುತ್ತದೆ.