ರೇಸಿಗೂ ಮನೆಮಂದಿಗೂ ಒಂದೇ ಹಾಯಿದೋಣಿ ಆಗುತ್ತಾ?

ಓದುಗರ ಪ್ರಶ್ನೆ: ವಾರಕ್ಕೊಮ್ಮೆ ಕ್ಲಬ್ ರೇಸಿಗೆ ಹೋಗುತ್ತೇನೆ. ಇಷ್ಟು ದಿನ ಬೇರೆಯವರ ದೋಣಿಯಲ್ಲಿ ಹೋಗುತ್ತಿದ್ದೆ. ಈಗ ಸ್ವಂತದ್ದು ತೆಗೆದುಕೊಳ್ಳೋಣ ಅಂತಿದ್ದೇನೆ. ರಜೆ ಸಿಕ್ಕಾಗ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳ ಜೊತೆ ಒಂದು ವಾರ ಸುತ್ತಾಡುವ ಆಸೆಯೂ ಇದೆ. 'ಪರ್ಫಾರ್ಮೆನ್ಸ್ ಕ್ರೂಸರ್' ಅಂತ ಮಾರುವ ದೋಣಿಗಳು ನಿಜಕ್ಕೂ ಎರಡಕ್ಕೂ ಆಗುತ್ತವಾ? ಇಲ್ಲ, ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಗುತ್ತಾ?

ಉತ್ತರ: ಆಗುತ್ತವೆ. ಆದರೆ ಆರಿಸುವಾಗ ಹೆಚ್ಚಿನವರು ವೇಗ ನೋಡುತ್ತಾರೆ, ಆಮೇಲೆ ಮಲಗುವ ಜಾಗ ಎಣಿಸುತ್ತಾರೆ. ನಾನು ಮೊದಲು ಕೈಗಳನ್ನು ಎಣಿಸಿ ಅನ್ನುತ್ತೇನೆ. ರೇಸಿನ ದಿನ ನಿಮ್ಮ ಜೊತೆ ಆರೇಳು ಜನ ಇರುತ್ತಾರೆ. ಒಬ್ಬರು ಚುಕ್ಕಾಣಿ, ಇಬ್ಬರು ಹಾಯಿಯ ಹಗ್ಗ ಸುತ್ತಿ ಎಳೆಯುವ ವಿಂಚ್, ಒಬ್ಬರು ಮುಂದುಗಡೆ, ಉಳಿದವರು ಅಂಚಿನಲ್ಲಿ ಕೂತು ಭಾರ ಕೊಡುತ್ತಾರೆ. ಮನೆಯವರ ಜೊತೆ ಹೊರಟ ದಿನ ದೋಣಿಯಲ್ಲಿ ನಾಲ್ಕು ಜನ ಇರುತ್ತಾರೆ, ನಿಜ. ಆದರೆ ಗಾಳಿ ಏರಿದಾಗ ಒಂದು ಮಗುವಿಗೆ ವಾಂತಿ, ಇನ್ನೊಂದಕ್ಕೆ ಭಯ. ದೊಡ್ಡವರಲ್ಲಿ ಒಬ್ಬರು ಅವರ ಪಕ್ಕ ಇರಲೇಬೇಕು. ಉಳಿದವರು ಒಬ್ಬರೇ. ಆ ಒಬ್ಬರು ಈ ದೋಣಿಯನ್ನು ನಡೆಸಬಲ್ಲರಾ? ಇದಕ್ಕೆ 'ಹೌದು' ಅನ್ನುವ ದೋಣಿಗಳನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸ್ನೇಹಿತರೊಬ್ಬರ ಹತ್ತೂವರೆ ಮೀಟರ್ ದೋಣಿ. ರೇಸಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಮುಂದುಗಡೆ ಕೂವೆಮರವನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ದಾಟಿ ಹಿಂದಕ್ಕೆ ಬರುವ ದೊಡ್ಡ ಜೆನೋವಾ ಹಾಯಿ. ಅವತ್ತು ಅವರು, ಅವರ ಹೆಂಡತಿ, ಐದು ವರ್ಷದ ಮಗಳು, ಜೊತೆಗೆ ನಾನು. ಗಾಳಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ಆಯಿತು. ಪ್ರತಿ ಸಲ ದೋಣಿ ತಿರುಗಿಸಿದಾಗಲೂ ಆ ಹಾಯಿಯ ಹಗ್ಗವನ್ನು ಆಕೆ ಮೊಳ ಮೊಳವಾಗಿ ಎಳೆಯುತ್ತಿದ್ದರು. ಕೊನೆಯ ಒಂದು ಗೇಣು ಮಾತ್ರ ಬರುತ್ತಿರಲಿಲ್ಲ. ವಿಂಚಿನ ಹಿಡಿಯನ್ನು ಇಬ್ಬರು ಸೇರಿ ತಿರುಗಿಸಬೇಕಾಯಿತು. ಅಷ್ಟರಲ್ಲಿ ಒಳಗೆ ಮಲಗಿದ್ದ ಮಗು ಹಾಸಿಗೆಯಿಂದ ಉರುಳಿ ನೆಲಕ್ಕೆ ಬಿತ್ತು. ಹಾಸಿಗೆಗೆ ತಡೆಬಟ್ಟೆ ಕಟ್ಟಿರಲಿಲ್ಲ. ಏಟು ಜೋರಾಗಿ ಆಗಲಿಲ್ಲ. ಆದರೆ ಮುಂದಿನ ವರ್ಷ ಆ ದೋಣಿ ರೇಸಿಗೆ ಮಾತ್ರ ಹೋಯಿತು.

ಹಾಗಾಗಿ ಮೊದಲು ಹಾಯಿಯ ಜೋಡಣೆ ನೋಡಿ. ಈಗಿನ ಬಹಳಷ್ಟು ಪರ್ಫಾರ್ಮೆನ್ಸ್ ಕ್ರೂಸರ್‌ಗಳಲ್ಲಿ ದೊಡ್ಡ ಮುಖ್ಯ ಹಾಯಿ, ಕೂವೆಮರದ ಹತ್ತಿರವೇ ಮುಗಿಯುವ ಸಣ್ಣ ಮುಂದಿನ ಹಾಯಿ, ಅಂದರೆ ಜಿಬ್, ಇರುತ್ತದೆ. ಅದರ ಅಗಲ ಮೂತಿಯ ಕಡೆಯಿಂದ ಕೂವೆಮರದ ತನಕದ ದೂರದ ಶೇ. 105 ಆಸುಪಾಸು. ಹಳೆಯ ಜೆನೋವಾ ಶೇ. 150ರ ತನಕ ಹೋಗುತ್ತಿತ್ತು. ಸಣ್ಣ ಜಿಬ್ ತಿರುಗಿಸಲು ಒಬ್ಬರು ಸಾಕು. ಗಾಳಿ ಹಿಂದಿನಿಂದ ಬರುವಾಗ ಹಾಕುವ ಸ್ಪಿನೇಕರ್ ವಿಷಯವೂ ಹೀಗೇ. ಮೊದಲು ಅದಕ್ಕೆ ಕೂವೆಮರದಿಂದ ಕಂಬ ಚಾಚಬೇಕಿತ್ತು. ಮುಂದುಗಡೆ ಅನುಭವಸ್ಥರು ಬೇಕೇ ಬೇಕಿತ್ತು. 1990ರ ದಶಕದ ಆರಂಭದಲ್ಲಿ ಬಂದ ಜೆ/105 ದೋಣಿಯಲ್ಲಿ ಮೂತಿಯಿಂದ ಹೊರಗೆ ಚಾಚಿ ಮತ್ತೆ ಒಳಗೆ ಎಳೆದುಕೊಳ್ಳುವ ಕೋಲು, ಬೋಸ್ಪ್ರಿಟ್, ಇತ್ತು. ಅದರ ತುದಿಗೆ ಎರಡು ಬದಿ ಸಮವಿಲ್ಲದ ಅಸಿಮೆಟ್ರಿಕ್ ಸ್ಪಿನೇಕರ್ ಕಟ್ಟಿದರೆ ಕಂಬದ ಗೋಜಿಲ್ಲ. ಈ ಪದ್ಧತಿ ಆಮೇಲೆ ಎಲ್ಲ ಕಡೆ ಹರಡಿತು. ಮನೆಮಂದಿ ಜೊತೆ ಸ್ಪಿನೇಕರ್ ಹಾಕುವ ಧೈರ್ಯ ಬಂದಿದ್ದೇ ಇದರಿಂದ ಅನ್ನಬಹುದು.

ಕಡಿಮೆ ಕೈಯಲ್ಲಿ ನಡೆಸುವ ದೋಣಿ ರೇಸಿನಲ್ಲಿ ಹಿಂದೆ ಬೀಳುತ್ತದೆ ಅಂತ ಅಂದುಕೊಳ್ಳಬೇಡಿ. ಇಂಗ್ಲೆಂಡಿನಿಂದ ಹೊರಡುವ ಹೆಸರಾಂತ ಫಾಸ್ಟ್‌ನೆಟ್ ರೇಸ್, 2013ರದ್ದು ನೋಡಿ. 600 ನಾಟಿಕಲ್ ಮೈಲಿಗಿಂತ ಜಾಸ್ತಿ ದೂರ. ದೋಣಿಗೆ ತಕ್ಕಂತೆ ಸಮಯ ಸರಿಹೊಂದಿಸುವ ಲೆಕ್ಕದಲ್ಲಿ ಒಟ್ಟಾರೆ ಗೆದ್ದದ್ದು 'ನೈಟ್ ಅಂಡ್ ಡೇ' ಅನ್ನುವ ಜೆಪಿಕೆ 10.10 ಮಾದರಿಯ ದೋಣಿ. ಸುಮಾರು ಹತ್ತು ಮೀಟರ್ ದೋಣಿ. ಅದರಲ್ಲಿ ಇದ್ದವರು ಇಬ್ಬರೇ: ಪಾಸ್ಕಲ್ ಲೊಯ್ಸೋನ್ ಮತ್ತು ಅವರ ಮಗ ಅಲೆಕ್ಸಿ. ಇಬ್ಬರೇ ನಡೆಸಿದ ದೋಣಿ ಆ ರೇಸನ್ನು ಒಟ್ಟಾರೆ ಗೆದ್ದದ್ದು ಅದೇ ಮೊದಲು. ಅಪ್ಪ ಮಗ ಗೆದ್ದರು ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಇನ್ನು ತೂಕ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡಿಕೊಳ್ಳಬೇಡಿ. ದೋಣಿಯ ಶಕ್ತಿ ಅಳೆಯಲು ಹಾಯಿಗೂ ತೂಕಕ್ಕೂ ಇರುವ ಅನುಪಾತ ನೋಡುತ್ತಾರೆ. ದೋಣಿ ಎಷ್ಟು ಘನ ಮೀಟರ್ ನೀರನ್ನು ಸರಿಸುತ್ತದೋ ಅದರ ಘನಮೂಲ ತೆಗೆದು ವರ್ಗ ಮಾಡಿ. ಹಾಯಿಯ ಚದರ ಮೀಟರನ್ನು ಅದರಿಂದ ಭಾಗಿಸಿ. 5.5 ಟನ್ ದೋಣಿ, 66 ಚದರ ಮೀಟರ್ ಹಾಯಿ ಅಂತಿಟ್ಟುಕೊಳ್ಳಿ. ಕಡಲ ನೀರಿನಲ್ಲಿ ಅದು ಸರಿಸುವುದು ಸುಮಾರು 5.37 ಘನ ಮೀಟರ್. ಉತ್ತರ ಸುಮಾರು 21.5. ಸಾಮಾನ್ಯವಾಗಿ 16ರ ಆಸುಪಾಸು ಇದ್ದರೆ ನಿಧಾನದ ದೋಣಿ, 20 ದಾಟಿದರೆ ಚುರುಕು. ಅಂದರೆ ಇದು ಚುರುಕಿನದ್ದೇ.

ಈಗ ರಜೆಯ ಸಾಮಾನು ತುಂಬಿ. 300 ಲೀಟರ್ ನೀರು ಅಂದರೆ 300 ಕಿಲೋ. 10 ಮಿಲಿಮೀಟರ್ ದಪ್ಪದ ಲಂಗರು ಸರಪಳಿ ಮೀಟರಿಗೆ ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ. 50 ಮೀಟರ್ ಹಾಕಿದರೆ ನೂರು ಕಿಲೋ ದಾಟಿತು, ಅದೂ ದೋಣಿಯ ಮೂತಿಯಲ್ಲಿ. ಡೀಸೆಲ್, ರಬ್ಬರ್ ದೋಣಿ, ಅದರ ಎಂಜಿನ್, ದಿನಸಿ, ಬಟ್ಟೆ, ಪುಸ್ತಕ, ಆಟಿಕೆ, ಜೊತೆಗೆ ನೀವು ನಾಲ್ವರು. ಒಂದು ಟನ್ ಆಗಲು ಏನೂ ಕಷ್ಟವಿಲ್ಲ. ಅದೇ ದೋಣಿಯ ಅನುಪಾತ 19.3ಕ್ಕೆ ಇಳಿಯಿತು. ಹಗುರ ದೋಣಿ ಭಾರಕ್ಕೆ ಬೇಗ ಬಗ್ಗುತ್ತದೆ. ಅದಕ್ಕೇ ಮೂರೂವರೆ ಟನ್ನಿನ ಅಪ್ಪಟ ರೇಸ್ ದೋಣಿ ತಂದು ಅದರಲ್ಲಿ ಸಂಸಾರ ಹೂಡಿದರೆ ಅದರ ಗುಣವೇ ಹೋಗಿಬಿಡುತ್ತದೆ. ಐದಾರು ಟನ್ನಿನ ದೋಣಿ ಅದೇ ಭಾರವನ್ನು ತಾಳಿಕೊಳ್ಳುತ್ತದೆ. ರೇಸಿನ ಹಿಂದಿನ ದಿನ ಸಾಮಾನೆಲ್ಲ ಇಳಿಸುವ ಅಭ್ಯಾಸ ಇಟ್ಟುಕೊಳ್ಳಿ. ಇಳಿಸಲಾಗದ ಸರಪಳಿಯನ್ನು, ನಿಮ್ಮ ರೇಸಿನ ನಿಯಮ ಒಪ್ಪಿದರೆ, ಮೂತಿಯಿಂದ ತೆಗೆದು ನಡುಭಾಗದ ನೆಲದ ಹತ್ತಿರ ಭದ್ರವಾಗಿ ಕಟ್ಟಿ. ಅಲೆಗೆ ಮೂತಿ ಕುಕ್ಕುವುದು ಎಷ್ಟು ಕಡಿಮೆಯಾಗುತ್ತದೆ ಅಂತ ಅವತ್ತೇ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರೇಸಿನವರಿಗೂ ಮನೆಯವರಿಗೂ ಬೇಕಾಗಿರೋದು ಒಂದೇ. ಗಾಳಿಗೆ ದೋಣಿ ಜಾಸ್ತಿ ವಾಲಬಾರದು. ವಾಲಿದರೆ ರೇಸಿನಲ್ಲಿ ವೇಗ ಹೋಗುತ್ತದೆ, ಚುಕ್ಕಾಣಿ ಭಾರವಾಗುತ್ತದೆ. ಮನೆಯವರಿಗೋ, 25 ಡಿಗ್ರಿ ವಾಲಿದ ಅಡುಗೆಮನೆಯಲ್ಲಿ ಒಂದು ಲೋಟ ನೀರು ಬಗ್ಗಿಸೋದೂ ಕಷ್ಟ. ತಳದಿಂದ ನೀರಿನೊಳಗೆ ಇಳಿದಿರುವ ರೆಕ್ಕೆಯಂಥ ಕೀಲ್‌ನ ತುದಿಯಲ್ಲಿ ಸೀಸದ ಗುಂಡು ಇರುವ, ಒಟ್ಟು ತೂಕದ ಶೇ. 35ರಿಂದ 40 ಭಾಗ ಕೆಳಗೇ ಇರುವ ದೋಣಿ ನೆಟ್ಟಗೆ ನಿಲ್ಲುತ್ತದೆ. ಎಷ್ಟು ವಾಲುವ ತನಕ ದೋಣಿ ತಾನೇ ಮತ್ತೆ ಏಳುತ್ತದೋ ಆ ಕೋನ 120 ಡಿಗ್ರಿ ಆಸುಪಾಸು ಇದ್ದರೆ ನನಗೆ ಸಮಾಧಾನ.

ಕೀಲ್ ಆಳ ಎಷ್ಟಿರಬೇಕು? ಆಳ ಜಾಸ್ತಿ ಇದ್ದಷ್ಟೂ ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತದೆ. ಆದರೆ 2.2 ಮೀಟರ್ ಆಳದ ದೋಣಿ ಎಷ್ಟೋ ಚೆಂದದ ಕೊಲ್ಲಿಗಳ ಬಾಗಿಲಲ್ಲೇ ನಿಲ್ಲಬೇಕು. ನೀವು ಹೋಗಬೇಕೆಂದಿರುವ ಜಾಗಗಳ ನಕ್ಷೆ ತೆಗೆದು ನೀರಿನ ಆಳ ನೋಡಿ, ಆಮೇಲೆ ತೀರ್ಮಾನಿಸಿ.

ಹಳೆಯ ದೋಣಿ ಕೊಳ್ಳುವುದಾದರೆ ಇಲ್ಲಿ ಒಂದು ನಿಮಿಷ ನಿಲ್ಲಿ. 2014ರ ಮೇ ತಿಂಗಳಲ್ಲಿ 'ಚೀಕಿ ರಫೀಕಿ' ಅನ್ನುವ ಸುಮಾರು 40 ಅಡಿಯ ದೋಣಿ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿತು. ನಾಲ್ವರು ಹೋದರು. ಅದೂ ರೇಸಿಗೂ ಪ್ರಯಾಣಕ್ಕೂ ಆಗುವ ಇದೇ ಜಾತಿಯ ದೋಣಿ. ಹಿಂದೆ ತಳ ತಗುಲಿದ್ದು, ಆಮೇಲೆ ಮಾಡಿದ ರಿಪೇರಿ, ಇವು ಒಳಗಿನ ಕಟ್ಟನ್ನು ಸಡಿಲ ಮಾಡಿರಬಹುದು ಅಂತ ಬ್ರಿಟನ್ನಿನ ತನಿಖಾ ವರದಿ ಹೇಳಿತು. ರೇಸಿನ ದೋಣಿಗಳು ದಡದ ಹತ್ತಿರ ಸಾಗಿ ಒಂದಲ್ಲ ಒಂದು ಸಲ ತಳ ತಗುಲಿಸಿಕೊಂಡಿರುತ್ತವೆ. ಮಾರುವವರನ್ನು ನೇರವಾಗಿ ಕೇಳಿ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ನೆಲದ ಹಲಗೆ ತೆಗೆಸಿ, ಕೀಲ್ ಬೋಲ್ಟ್‌ಗಳ ಸುತ್ತ ತುಕ್ಕು, ಬಿರುಕು ಇದೆಯಾ ಅಂತ ಸರ್ವೇಯರ್ ಕೈಲಿ ನೋಡಿಸಿ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ದೋಣಿ ಇದು. ಈ ಖರ್ಚಿನಲ್ಲಿ ಉಳಿತಾಯ ಬೇಡ.

ಒಳಗಡೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಎಂಟು ಜನ ಮಲಗಬಹುದು ಅನ್ನುವ ಜಾಹೀರಾತು ಮರೆತುಬಿಡಿ. ದೋಣಿ ಓಡುವಾಗ ಮೂತಿಯ ಕೋಣೆಯಲ್ಲಿ ಯಾರೂ ಮಲಗಲಾರರು. ನಡುವಿನಲ್ಲಿ ಉದ್ದಕ್ಕೆ, ತಡೆಬಟ್ಟೆ ಕಟ್ಟಬಹುದಾದ ಎರಡು ನೇರ ಹಾಸಿಗೆ ಇರಲಿ. ಮೆಟ್ಟಿಲ ಹತ್ತಿರವೇ ಅಡುಗೆ ಜಾಗ ಇರಲಿ. ಹಿಂಭಾಗ ಪೂರ್ತಿ ತೆರೆದಿದ್ದರೆ ಮಕ್ಕಳಿದ್ದಾಗ ಬಲೆ, ಅಡ್ಡಪಟ್ಟಿ ಹಾಕಲು ಕೊಂಡಿಗಳಿರಲಿ.

ರೇಸಿನ ಕಡೆ ಬಂದರೆ, ಎಲ್ಲರಿಗಿಂತ ವೇಗದ ದೋಣಿ ಬೇಕು ಅಂತೇನಿಲ್ಲ. ಐಆರ್‌ಸಿ ತರಹದ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಪ್ರತಿ ದೋಣಿಗೂ ಒಂದು ಅಂಕಿ ಕೊಡುತ್ತಾರೆ, ಓಡಿದ ಸಮಯವನ್ನು ಅದರಿಂದ ಗುಣಿಸುತ್ತಾರೆ, ಕಡಿಮೆ ಬಂದವರು ಗೆದ್ದ ಹಾಗೆ. 1.020 ಅಂಕಿಯ ದೋಣಿ 300 ನಿಮಿಷ ತೆಗೆದುಕೊಂಡರೆ ಲೆಕ್ಕಕ್ಕೆ 306. 0.980 ಅಂಕಿಯ ನಿಮ್ಮ ದೋಣಿ ಹತ್ತು ನಿಮಿಷ ತಡವಾಗಿ, 310ಕ್ಕೆ ಬಂದರೂ ಲೆಕ್ಕಕ್ಕೆ 303.8. ಗೆದ್ದವರು ನೀವೇ ಅಲ್ವಾ? ಹಾಗಾಗಿ ಎರಡು ಸೆಟ್ ಹಾಯಿಗೆ ದುಡ್ಡು ಉಳಿಯುವಷ್ಟು ಅಗ್ಗದ ದೋಣಿ ತೆಗೆದುಕೊಳ್ಳಿ. ರೇಸಿಗೆ ಆಕಾರ ಕೆಡದ ಲ್ಯಾಮಿನೇಟ್, ಪ್ರವಾಸಕ್ಕೆ ಬಿಸಿಲು ತಡೆಯುವ ಡೇಕ್ರಾನ್. ಸುಸ್ತಾದ ಹಾಯಿ ಇರುವ ದುಬಾರಿ ದೋಣಿಗಿಂತ ಒಳ್ಳೆ ಹಾಯಿ ಇರುವ ಸಾಧಾರಣ ದೋಣಿ ಮುಂದೆ ಹೋಗುತ್ತದೆ. ಮಡಚುವ ಪ್ರೊಪೆಲ್ಲರ್ ಇಲ್ಲದಿದ್ದರೆ ಅದನ್ನೂ ಹಾಕಿಸಿ. ನಿಮ್ಮ ಕ್ಲಬ್ಬಿನಲ್ಲಿ ಒಂದೇ ಮಾದರಿಯ ಐದಾರು ದೋಣಿ ಇದ್ದರೆ ಮಾತ್ರ ಈ ಲೆಕ್ಕವೆಲ್ಲ ಬದಿಗಿಟ್ಟು ಅದನ್ನೇ ಮೊದಲು ನೋಡಿ. ಹ್ಯಾಂಡಿಕ್ಯಾಪ್ ಇಲ್ಲದೆ ಪಕ್ಕಪಕ್ಕದಲ್ಲಿ ಓಡುವ ಸುಖವೇ ಬೇರೆ.

ಉದ್ದ 33ರಿಂದ 38 ಅಡಿ ಅಂದರೆ ನಿಮಗೆ ಸರಿಹೋಗಬಹುದು. ಅದಕ್ಕಿಂತ ದೊಡ್ಡದಾದರೆ ಹಗ್ಗದ ಮೇಲಿನ ಭಾರ ಇಬ್ಬರ ಕೈ ಮೀರಬಹುದು.

ಪಟ್ಟಿ ಎರಡು ಮೂರು ದೋಣಿಗೆ ಇಳಿದ ಮೇಲೆ ಪರೀಕ್ಷೆಗೆ ಹೆಂಡತಿಯವರನ್ನು ಕರೆದುಕೊಂಡು ಹೋಗಿ. ಗಾಳಿ ಕಡಿಮೆ ಇರುವ ದಿನ ಬೇಡ, 15 ನಾಟ್ ಆದರೂ ಇರಲಿ. ಚುಕ್ಕಾಣಿ ಅವರಿಗೆ ಕೊಡಿ. ದಲ್ಲಾಳಿ ಸುಮ್ನೆ ಕೂತಿರಲಿ. ನೀವು ಒಬ್ಬರೇ ಮುಖ್ಯ ಹಾಯಿಯನ್ನು ಒಂದು ಮಡಿಕೆ ಇಳಿಸಿ ಕಟ್ಟಿ. ಆಮೇಲೆ ಜಾಗ ಬದಲಿಸಿಕೊಂಡು ಅದೇ ಕೆಲಸ ಅವರು ಮಾಡಲಿ.