ಫಾರ್ಮ್ಯಾಟ್ ಮಾಡುವ ಮೊದಲು 41ನ್ನು ಓದಿ

ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ ಎಂದು ರಿಪೇರಿಗೆ ತರುವವರಲ್ಲಿ ತುಂಬಾ ಜನ ಅಷ್ಟರಲ್ಲಾಗಲೇ ಒಂದು ಸಲ ಫಾರ್ಮ್ಯಾಟ್ ಮಾಡಿಸಿರುತ್ತಾರೆ. ತೊಂದರೆ ಮಾತ್ರ ಹಾಗೇ ಇರುತ್ತದೆ. ಕಾರಣ ಹೇಳಬಹುದಾಗಿದ್ದ ಲಾಗ್ (ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಾಖಲೆ) ಅಳಿಸಿಹೋಗಿರುತ್ತದೆ. ನನಗೆ ಜಾಸ್ತಿ ಬೇಜಾರಾಗುವುದು ಅದಕ್ಕೇ.

ರೀಸ್ಟಾರ್ಟ್ ಮೂರು ಥರ. ವಿಂಡೋಸ್ ಬೇಕೆಂದೇ ಮಾಡಿದ್ದು ಒಂದು. ಕ್ರ್ಯಾಶ್ ಆಗಿ ಮಾಡಿಕೊಂಡಿದ್ದು ಇನ್ನೊಂದು. ವಿಂಡೋಸ್‌ಗೆ ಸುಳಿವೇ ಕೊಡದೆ ಕರೆಂಟ್ ಕೈಕೊಟ್ಟು ಆಗಿದ್ದು ಮೂರನೆಯದು. ನಿಮ್ಮದು ಯಾವುದೆಂದು ತಿಳಿಯುವವರೆಗೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಸ್ಟಾರ್ಟ್ ಮೆನುವಿನಲ್ಲಿ 'ಈವೆಂಟ್ ವ್ಯೂವರ್' ಹುಡುಕಿ ತೆರೆಯಿರಿ. 'ವಿಂಡೋಸ್ ಲಾಗ್ಸ್' ಒಳಗೆ 'ಸಿಸ್ಟಮ್' ಇದೆ. ರೀಸ್ಟಾರ್ಟ್ ಆದ ಹೊತ್ತಿನ ಆಸುಪಾಸು ಕಣ್ಣಾಡಿಸಿ. ಕೆಂಪು ಗುರುತುಗಳು ಸಾಲಾಗಿ ಕಂಡರೆ ಗಾಬರಿ ಬೇಡ, ಚೆನ್ನಾಗಿ ನಡೆಯುವ ಕಂಪ್ಯೂಟರಿನಲ್ಲೂ ಅವು ಇರುತ್ತವೆ. 1074 ಎಂಬ ಸಂಖ್ಯೆ ಸಿಕ್ಕರೆ ಅದು ಬೇಕೆಂದೇ ಮಾಡಿದ ರೀಸ್ಟಾರ್ಟ್. ಯಾವ ಪ್ರೋಗ್ರಾಂ ಮಾಡಿಸಿತು ಎಂದೂ ಅಲ್ಲೇ ಬರೆದಿರುತ್ತದೆ. ಎಷ್ಟೋ ಸಲ ಅದು ಅಪ್‌ಡೇಟ್ ಕೆಲಸ. ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲಿ 'ಆಕ್ಟಿವ್ ಅವರ್ಸ್' ಇದೆ, 18 ಗಂಟೆಯವರೆಗೂ ಇಟ್ಟುಕೊಳ್ಳಬಹುದು. ಆ ಹೊತ್ತಿನಲ್ಲಿ ಅದು ನಿಮ್ಮ ತಂಟೆಗೆ ಬರುವುದಿಲ್ಲ.

ಹೆಚ್ಚಿನವರಿಗೆ ಸಿಗುವುದು 'ಕರ್ನಲ್-ಪವರ್ 41'. ಹೆಸರಿನಲ್ಲಿ ಪವರ್ ಇದೆಯಲ್ಲ, ಜನ ಸೀದಾ ಹೋಗಿ ಹೊಸ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ತಂದುಬಿಡುತ್ತಾರೆ. ಆದರೆ ಇದನ್ನು ವಿಂಡೋಸ್ ಬರೆಯುವುದು ಮತ್ತೆ ಆನ್ ಆದ ಮೇಲೆ. 'ಹಿಂದಿನ ಸಲ ನಾನು ಸರಿಯಾಗಿ ಶಟ್‌ಡೌನ್ ಆಗಲಿಲ್ಲ' ಎನ್ನುವುದಷ್ಟೇ ಅದರ ಅರ್ಥ. ಯಾಕೆ ಎನ್ನುವುದು ಕೆಳಗಿನ 'ಡೀಟೇಲ್ಸ್' ಟ್ಯಾಬ್‌ನಲ್ಲಿದೆ. ಅಲ್ಲಿ 'ಬಗ್‌ಚೆಕ್‌ಕೋಡ್' ಎದುರಿಗೆ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಬ್ಲೂ ಸ್ಕ್ರೀನ್ (ವಿಂಡೋಸ್ ಕ್ರ್ಯಾಶ್ ಆದಾಗ ಕಾಣುವ ಪರದೆ) ಬಂದು ಹೋಗಿದೆ. ನೀವು ನೋಡುವಷ್ಟರಲ್ಲಿ ಅದು ಮಾಯವಾಗಿದೆ, ಅಷ್ಟೇ. 159 ಇದ್ದರೆ ಸಾಮಾನ್ಯವಾಗಿ ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ಪ್ರೋಗ್ರಾಂ) ತಕರಾರು, ಸ್ಲೀಪ್‌ಗೆ ಹೋಗುವಾಗಲೋ ಏಳುವಾಗಲೋ ಸಿಕ್ಕಿಕೊಂಡಿದೆ. 292 ಇದ್ದರೆ ಹಾರ್ಡ್‌ವೇರ್ ಕಡೆ ತಿರುಗಿ.

ಆ ಬ್ಲೂ ಸ್ಕ್ರೀನನ್ನು ಕಣ್ಣಾರೆ ನೋಡಬೇಕಾದರೆ ಸ್ಟಾರ್ಟ್ ಮೆನುವಿನಲ್ಲಿ 'ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಹುಡುಕಿ. 'ಸ್ಟಾರ್ಟಪ್ ಅಂಡ್ ರಿಕವರಿ'ಗೆ ಹೋಗಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಟಿಕ್ ತೆಗೆಯಿರಿ. ಇನ್ನು ಮೇಲೆ ಕ್ರ್ಯಾಶ್ ಆದಾಗ ಸ್ಕ್ರೀನ್ ನಿಂತಿರುತ್ತದೆ. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಡ್ರೈವರ್ ಹೆಸರೇ ಅಲ್ಲಿದ್ದರೆ ಅದನ್ನು ಹಳೆಯ ವರ್ಷನ್‌ಗೆ ತಿರುಗಿಸಿ ನೋಡಿ. ಏನೇನೂ ಇಲ್ಲದೆ ಒಂದೊಂದು ಸಲ ಒಂದೊಂದು ಕೋಡ್ ಬರುತ್ತಿದ್ದರೆ ನಾನು ಮೊದಲು ರ‍್ಯಾಮ್ ಮೇಲೆ ಕಣ್ಣಿಡುತ್ತೇನೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್ ಪರದೆ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಎರರ್ ಒಂದೇ ಬಂದರೂ ಬಂದ ಹಾಗೆಯೇ. ಆಮೇಲೆ ಒಂದೊಂದೇ ರ‍್ಯಾಮ್ ಇಟ್ಟು ಪರೀಕ್ಷಿಸಿದರೆ ಕೆಟ್ಟಿದ್ದು ಯಾವುದೆಂದು ತಿಳಿಯುತ್ತದೆ.

ಈಗ ಕೋಡ್ ಸೊನ್ನೆ ಇದ್ದವರ ವಿಷಯ. ಇಲ್ಲಿ ವಿಂಡೋಸ್‌ಗೆ ಏನೂ ಬರೆದಿಡಲು ಸಮಯವೇ ಸಿಕ್ಕಿಲ್ಲ. ಸಾಮಾನ್ಯವಾಗಿ ಕಾರಣ ಶಾಖ, ಎಸ್‌ಎಂಪಿಎಸ್, ಇಲ್ಲವೇ ಗೋಡೆಯಿಂದ ಬರುವ ಕರೆಂಟ್. ಯಾವಾಗ ಆಗುತ್ತದೆ ಎನ್ನುವುದನ್ನು ಗಮನಿಸಿ. ಅರ್ಧ ಗಂಟೆ ಗೇಮ್ ಆಡಿದ ಮೇಲೆ ಫ್ಯಾನ್ ಜೋರಾಗಿ ಕೂಗಿ ಆರಿಹೋದರೆ ಶಾಖ. ಪ್ರೊಸೆಸರ್ 90ರಿಂದ 100 ಡಿಗ್ರಿ ಹತ್ತಿರ ಬಂದಾಗ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಆಫ್ ಆಗುತ್ತದೆ. ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ, ತಕ್ಷಣ ಎದ್ದು ಕೂರುವುದಿಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಪ್ರೊಸೆಸರ್ ಫ್ಯಾನ್ ತೆಗೆದು ನೋಡಿ. ಮೇಲಿನಿಂದ ಕಾಣುವ ಧೂಳು ಲೆಕ್ಕಕ್ಕಿಲ್ಲ. ಫ್ಯಾನ್ ಮತ್ತು ಹೀಟ್ ಸಿಂಕ್ (ಪ್ರೊಸೆಸರ್ ಶಾಖ ಹೀರುವ ಲೋಹದ ಭಾಗ) ನಡುವೆ ಕಂಬಳಿ ಹೊದಿಸಿದ ಹಾಗೆ ಒಂದು ಪದರ ಕೂತಿರುತ್ತದೆ, ಅದು ಹೋಗಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಅದು ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹೀಟ್ ಸಿಂಕ್ ಎತ್ತಿದರೆ ಅದಕ್ಕೂ ಪ್ರೊಸೆಸರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹೊಸದು ಹಾಕಲೇಬೇಕು.

ಗೇಮ್ ಶುರುವಾದ ಕೂಡಲೇ ಟಕ್ ಅಂತ ರೀಸ್ಟಾರ್ಟ್ ಆದರೆ ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ. ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಳೆಯ ಎಸ್‌ಎಂಪಿಎಸ್‌ಗೆ ತಡೆಯಲಾಗುವುದಿಲ್ಲ. ಅದರ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗಿರಬೇಕು. ಬಯೋಸ್‌ನಲ್ಲಿ ಈ ಸಂಖ್ಯೆ ಕಾಣುತ್ತದೆ ನಿಜ, ಆದರೆ ಅಲ್ಲಿ ಕಂಪ್ಯೂಟರ್ ಸುಮ್ನೆ ಕೂತಿರುತ್ತದೆ, ಲೋಡ್ ಇರುವುದಿಲ್ಲ. ಅಲ್ಲಿ ಸರಿಯಿದೆ ಎಂದರೆ ಎಲ್ಲ ಸರಿಯಿದೆ ಎಂದಲ್ಲ. ನಂಬಿಕಸ್ಥ ಪರೀಕ್ಷೆ ಒಂದೇ: ಚೆನ್ನಾಗಿರುವ, ಅಷ್ಟೇ ವ್ಯಾಟ್‌ನ ಇನ್ನೊಂದನ್ನು ಹಾಕಿ ನೋಡುವುದು. ಕೇಬಲ್‌ಗಳನ್ನೂ ಅದರದ್ದನ್ನೇ ಬಳಸಿ. ನೋಡಲು ಒಂದೇ ಥರ ಇದ್ದರೂ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಹಾಕಿದರೆ ಬೋರ್ಡ್ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ಫ್ರಿಜ್ಜೋ ಪಂಪೋ ಆನ್ ಆದಾಗ ಮಾತ್ರ ರೀಸ್ಟಾರ್ಟ್ ಆದರೆ ವೋಲ್ಟೇಜ್ ಇಳಿಯುತ್ತಿದೆ. 'ಯುಪಿಎಸ್ ಇದೆಯಲ್ಲ' ಅನ್ನುತ್ತೀರಾ? ಅದರ ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತು ನೋಡಿ.

ವೈರಸ್ ಇರಬಹುದಾ ಎಂದು ಕೇಳುವವರು ಇನ್ನೂ ಇದ್ದಾರೆ. 2003ರ ಆಗಸ್ಟ್‌ನಲ್ಲಿ ಹರಡಿದ ಬ್ಲಾಸ್ಟರ್ ಹುಳು 60 ಸೆಕೆಂಡ್ ಎಣಿಸಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಸುತ್ತಿತ್ತು. ಆ ಭಯ ಹಾಗೇ ಉಳಿದಿದೆ. ಈಗಿನವಕ್ಕೆ ನಿಮ್ಮ ಕಂಪ್ಯೂಟರ್ ಸದ್ದಿಲ್ಲದೆ ಓಡುತ್ತಿರುವುದೇ ಬೇಕು. ಒಮ್ಮೆ ಸ್ಕ್ಯಾನ್ ಮಾಡಿ, ಅಲ್ಲಿಗೆ ಬಿಡಿ.

ಇಷ್ಟೆಲ್ಲ ಆದರೂ ಹೊತ್ತುಗೊತ್ತಿಲ್ಲದೆ ರೀಸ್ಟಾರ್ಟ್ ಆಗುತ್ತಿದೆಯಾ? ಕ್ಯಾಬಿನೆಟ್ ಮುಂದಿನ ರೀಸೆಟ್ ಬಟನ್ ಒತ್ತಿ ನೋಡಿ. ಧೂಳು ಸೇರಿ ಅಂಟಂಟಾಗಿ ಅರ್ಧಕ್ಕೇ ನಿಂತಿರುತ್ತದೆ. ಮದರ್‌ಬೋರ್ಡ್‌ನಿಂದ ಅದರ ಎರಡು ವೈರ್‌ಗಳ ಪುಟ್ಟ ಕನೆಕ್ಟರ್ ಕಿತ್ತಿಟ್ಟು ಒಂದು ವಾರ ಬಳಸಿ. ಆ ಬಟನ್ ಇಲ್ಲದೆಯೂ ಕಂಪ್ಯೂಟರ್ ಆರಾಮಾಗಿ ನಡೆಯುತ್ತದೆ.