ರಾಜಾಪಾರ್ಟಿನವನ ಹಿಮ್ಮಡಿ

ಸೋಮವಾರ ಬೆಳಿಗ್ಗೆ ನನ್ನ ಕ್ಲಿನಿಕ್ಕಿನಲ್ಲಿ ನರಳಾಟಕ್ಕಿಂತ ಜಗಳದ ಸದ್ದೇ ಜಾಸ್ತಿ. ನ್ಯೂಜೆರ್ಸಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಹದಿನೇಳು ವರ್ಷವಾಯಿತು. ಸೆಪ್ಟೆಂಬರಿನಿಂದ ಜನವರಿವರೆಗೆ ಇದು ತಪ್ಪಿದ್ದೇ ಇಲ್ಲ. ಮಂಡಿಗೆ ಐಸ್ ಕಟ್ಟಿಕೊಂಡ ಜಯಂಟ್ಸ್ ಅಭಿಮಾನಿ ಒಂದು ಮಂಚದ ಮೇಲೆ, ಭುಜಕ್ಕೆ ಕರೆಂಟು ಕೊಡಿಸಿಕೊಳ್ಳುತ್ತಿರುವ ಜೆಟ್ಸ್ ಅಭಿಮಾನಿ ಪಕ್ಕದ ಮಂಚದ ಮೇಲೆ. ಎರಡೂ ಅಮೆರಿಕನ್ ಫುಟ್‌ಬಾಲ್ ತಂಡಗಳ ಮನೆ ಒಂದೇ, ಮೆಟ್‌ಲೈಫ್ ಸ್ಟೇಡಿಯಂ. ಗೋಳೂ ಹೆಚ್ಚುಕಮ್ಮಿ ಒಂದೇ.

"ಈಗಿನ ಕ್ವಾರ್ಟರ್‌ಬ್ಯಾಕ್‌ಗಳು ಗಾಜಿನ ಗೊಂಬೆಗಳು" ಅನ್ನುತ್ತಾರೆ ಒಬ್ಬರು. "ಗಾಯ ಆಗದೆ ಉಳಿದವರು ಆಡಿ ಕಡಿದದ್ದೇನು?" ಅಂತ ಇನ್ನೊಬ್ಬರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. "ನೀವೇ ಹೇಳಿ ಡಾಕ್, ಗಾಯದಿಂದ ಆಟ ಕೆಟ್ಟಿದ್ದಾ, ಆಟ ಕೆಟ್ಟಿದ್ದಕ್ಕೆ ಗಾಯ ಆಗ್ತಿದೆಯಾ?"

ಕೇಳಿದ್ದು ಜಗಳಕ್ಕೇ ಆದರೂ ಪ್ರಶ್ನೆ ಚೆನ್ನಾಗಿದೆ.

ಊರಿನಲ್ಲಿ ಕೂತು ಓದುವವರಿಗೆ ಒಂದೆರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಮೆಸ್ಸಿ ಆಡುವ ಆಟ ಅಲ್ಲ. ಎರಡೂ ತುದಿ ಚೂಪಾದ, ಸುಮಾರು 400 ಗ್ರಾಂ ತೂಕದ ಚೆಂಡು. ಕ್ರಿಕೆಟ್ ಚೆಂಡಿನ ಎರಡೂವರೆ ಪಟ್ಟು ಭಾರ. ಅದನ್ನು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕು ಅಂತ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಅವನ ಕೈಯಲ್ಲಿರುವುದು ಎರಡೂವರೆ ಸೆಕೆಂಡು, ಹೆಚ್ಚೆಂದರೆ ಮೂರು. ಅಷ್ಟರೊಳಗೆ ನೂರಿಪ್ಪತ್ತು ಕೆಜಿಯ ಆಸಾಮಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಾರೆ. ಅವರನ್ನು ತಡೆಯಲು ಇವನ ಮುಂದೆ ಐದು ಜನ ಲೈನ್‌ಮನ್‌ಗಳು. ಕಂಪನಿ ನಾಟಕ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಅಂದರೆ ರಾಜಾಪಾರ್ಟಿನವನು. ಅವನಿಗೆ ಜ್ವರ ಬಂದ ರಾತ್ರಿ ಬೋರ್ಡಿನ ಮೇಲಿನ ನಾಟಕದ ಹೆಸರು ಬದಲಾಗುವುದಿಲ್ಲ, ಟಿಕೆಟ್ ದರವೂ ಇಳಿಯುವುದಿಲ್ಲ. ಒಳಗೆ ಕೂತವರಿಗೆ ಮಾತ್ರ ಗೊತ್ತು.

2023ರ ಸೆಪ್ಟೆಂಬರ್ 11ರಂದು ಮೆಟ್‌ಲೈಫ್‌ನಲ್ಲಿ ಆದದ್ದು ಅದೇ. ಜೆಟ್ಸ್‌ನವರು ಆರನ್ ರಾಡ್ಜರ್ಸ್‌ನನ್ನು ಕರೆತಂದಿದ್ದರು. ಕ್ವಾರ್ಟರ್‌ಬ್ಯಾಕ್, ವಯಸ್ಸು 39, ನಾಲ್ಕು ಸಲ ಇಲ್ಲಿನ ಫುಟ್‌ಬಾಲ್ ಲೀಗಿನ ಅತ್ಯುತ್ತಮ ಆಟಗಾರ. ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಓಡುತ್ತ ಮೈದಾನಕ್ಕೆ ಬಂದ. ಚೆಂಡು ಅವನ ಕೈಗೆ ನಾಲ್ಕನೇ ಸಲ ಬಂದಾಗ ಎದುರಾಳಿ ಅವನನ್ನು ಹಿಡಿದು ಕೆಡವಿದ. ಎದ್ದ, ಎರಡು ಹೆಜ್ಜೆ ಇಟ್ಟ, ಮತ್ತೆ ಕೂತ. ಎಡಗಾಲಿನ ಅಕಿಲಿಸ್ ಹರಿದಿತ್ತು.

ಅಕಿಲಿಸ್ ಟೆಂಡನ್ ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಹಗ್ಗ. ನಮ್ಮ ಕಡೆ "ಹಿಮ್ಮಡಿ ನರ" ಅಂತಾರೆ, ಆದರೆ ಅದು ನರ ಅಲ್ಲ. ಅದೇ ಸೀಸನ್ನಿನಲ್ಲಿ ನನ್ನ ಜೆಟ್ಸ್ ಅಭಿಮಾನಿಯೊಬ್ಬರು, ಐವತ್ತು ದಾಟಿದವರು, ಟೆನಿಸ್‌ನಂಥ ಪಿಕಲ್‌ಬಾಲ್ ಆಡುವಾಗ ತಮ್ಮದನ್ನೂ ಹರಿದುಕೊಂಡರು. "ಹಿಂದಿನಿಂದ ಯಾರೋ ಒದ್ದ ಹಾಗಾಯ್ತು. ತಿರುಗಿ ನೋಡಿದರೆ ಯಾರೂ ಇಲ್ಲ" ಅಂದರು. ಹತ್ತರಲ್ಲಿ ಎಂಟು ಜನ ಈ ಮಾತನ್ನೇ ಹೇಳುತ್ತಾರೆ. ಇದಕ್ಕೆ ನಾವು ಮಾಡುವ ಪರೀಕ್ಷೆ ಬಹಳ ಸರಳ. ಬೋರಲು ಮಲಗಿಸಿ, ಪಾದವನ್ನು ಮಂಚದ ಅಂಚಿನಿಂದ ಆಚೆ ಬಿಟ್ಟು, ಮೀನಖಂಡವನ್ನು ಕೈಯಲ್ಲಿ ಹಿಂಡಬೇಕು. ಹಗ್ಗ ಗಟ್ಟಿಯಿದ್ದರೆ ಪಾದ ತಾನಾಗಿ ಕೆಳಮುಖವಾಗಿ ಬಾಗುತ್ತದೆ. ಅವರ ಬಲಗಾಲು ಹಿಂಡಿದೆ, ಪಾದ ಬಾಗಿತು. ಎಡಗಾಲು ಹಿಂಡಿದೆ, ಪಾದ ಸುಮ್ಮನೆ ನೇತಾಡುತ್ತಿತ್ತು. ಮುಖ ದಿಂಬಿನಲ್ಲಿ ಹುದುಗಿದ್ದರೂ ಅವರಿಗೆ ನನ್ನ ಮೌನ ಕೇಳಿಸಿತು. "ರಾಡ್ಜರ್ಸ್‌ಗೆ ಆದದ್ದೇ ಅಲ್ವಾ?" ಅಂದರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಅಂತ ನನ್ನ ಅನುಮಾನ.

ಅವರ ಪ್ರಕಾರ ಎಲ್ಲಕ್ಕೂ ಕಾರಣ ಪ್ಲಾಸ್ಟಿಕ್ ಹುಲ್ಲು. ಮೆಟ್‌ಲೈಫ್‌ನಲ್ಲಿ ಕೃತಕ ಹಾಸು ಇದೆ, ಆಟಗಾರರ ಸಂಘ ನಿಜವಾದ ಹುಲ್ಲು ಬೇಕು ಅಂತ ವರ್ಷಗಟ್ಟಲೆಯಿಂದ ಕೇಳುತ್ತಲೇ ಇದೆ. 2026ರ ವಿಶ್ವಕಪ್ ಫೈನಲ್ಲನ್ನು ಅಲ್ಲೇ ಇಟ್ಟಾಗ ಫಿಫಾ ಹುಲ್ಲೇ ಬೇಕು ಅಂದಿತು. ಸಾಕರ್‌ಗೆ ಹುಲ್ಲು, ನಮಗೆ ಪ್ಲಾಸ್ಟಿಕ್ಕಾ ಅಂತ ಇಲ್ಲಿಯವರಿಗೆ ಉರಿದುಹೋಯಿತು. ನ್ಯಾಯವಾದ ಉರಿಯೇ. ನಿಜವಾದ ಹುಲ್ಲಿನಲ್ಲಿ ಬೂಟಿನ ಮುಳ್ಳು ಸಿಕ್ಕಿಕೊಂಡರೆ ಮಣ್ಣು ಕಿತ್ತುಬಂದು ಕಾಲನ್ನು ಬಿಟ್ಟುಕೊಡುತ್ತದೆ. ಹಾಸು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ಜೋರೆಲ್ಲ ಮಂಡಿ, ಹಿಮ್ಮಡಿಗೆ ಬರುತ್ತದೆ. ನನ್ನ ಕೈಯಲ್ಲಿದ್ದರೆ ನಾಳೆಯೇ ಹುಲ್ಲು ಹಾಕಿಸುತ್ತಿದ್ದೆ.

ಆದರೆ ಅದೇ ಸೀಸನ್ನಿನಲ್ಲಿ ಜಯಂಟ್ಸ್‌ನ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ನ ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಎ.ಸಿ.ಎಲ್. ಅನ್ನುವ ಲಿಗಮೆಂಟ್ ಹರಿದದ್ದು ಲಾಸ್ ವೇಗಸ್‌ನ ನಿಜವಾದ ಹುಲ್ಲಿನ ಮೇಲೆ. ಯಾರೂ ಅವನ ಮಂಡಿಗೆ ಹೊಡೆದಿರಲಿಲ್ಲ. ಮಿನೆಸೋಟಾದ ಕರ್ಕ್ ಕಸಿನ್ಸ್‌ನ ಅಕಿಲಿಸ್ ಹರಿದದ್ದು ಗ್ರೀನ್ ಬೇ ಊರಿನ ಹುಲ್ಲಿನ ಮೇಲೆ. ಸಿನ್ಸಿನಾಟಿಯ ಜೋ ಬರೋ ಕಥೆಯಲ್ಲಂತೂ ಕಾಲಿನ ಮಾತೇ ಇಲ್ಲ. ಅವನ ಬಲ ಮಣಿಕಟ್ಟಿನೊಳಗೆ ಎರಡು ಪುಟ್ಟ ಮೂಳೆಗಳನ್ನು ಜೋಡಿಸುವ ಲಿಗಮೆಂಟ್ ಹೋಯಿತು. ಪಕ್ಕದಲ್ಲಿ ನಿಂತು ಚೆಂಡು ಎಸೆದು ನೋಡಲು ಹೋದ, ಹಿಡಿತವೇ ಸಿಗಲಿಲ್ಲ, ಮುಖ ಹಿಂಡಿದ. ಸೀಸನ್ ಮುಗಿಯಿತು. 1997ರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡಾಗ ನಾನು ಮೈಸೂರಿನಲ್ಲಿ ಹೈಸ್ಕೂಲು. ಅಷ್ಟು ಗಟ್ಟಿ ಆಳಿಗೆ ಒಳಗಿನ ಒಂದು ಸಣ್ಣ ಪಟ್ಟಿ ಹೀಗೆ ಕೈಕೊಡುತ್ತದಾ ಅಂತ ಆಶ್ಚರ್ಯಪಟ್ಟಿದ್ದೆ. ಈ ಕಸುಬಿಗೆ ಬರಲು ಅದೂ ಒಂದು ಕಾರಣ.

ಹುಲ್ಲಿನ ಮಾತು ಬಿಟ್ಟು ತಾಲೀಮಿನ ಮಾತಿಗೆ ಬರುತ್ತೇನೆ. ನನ್ನ ಅನುಮಾನ ಇರುವುದು ಅಲ್ಲಿ.

2011ರಲ್ಲಿ ಮಾಲೀಕರಿಗೂ ಆಟಗಾರರಿಗೂ ಒಪ್ಪಂದ ಕುದುರದೆ ಮಾರ್ಚ್‌ನಿಂದ ಜುಲೈವರೆಗೆ ಬೀಗ ಬಿತ್ತು. ಆಟಗಾರರು ತಂಡದ ತರಬೇತುದಾರರ ಹತ್ತಿರ ಹೋಗುವಂತಿರಲಿಲ್ಲ. ಬೀಗ ತೆಗೆದು ಶಿಬಿರ ಶುರುವಾದ ಮೊದಲ 12 ದಿನಗಳಲ್ಲಿ 10 ಜನರ ಅಕಿಲಿಸ್ ಹರಿಯಿತು. ನಮ್ಮ ಕಸುಬಿನವರೆಲ್ಲ ಬೆಚ್ಚಿಬಿದ್ದ ಲೆಕ್ಕ ಅದು. ಸ್ನಾಯು ಕೆಲವೇ ವಾರಗಳಲ್ಲಿ ಬಲ ಕೂಡಿಸಿಕೊಳ್ಳುತ್ತದೆ. ಟೆಂಡನ್ ನಿಧಾನ, ಅದಕ್ಕೆ ತಿಂಗಳುಗಳು ಬೇಕು. ದಿನಾ ಸ್ವಲ್ಪ ಸ್ವಲ್ಪ ಭಾರ ಕೊಟ್ಟರೆ ಗಟ್ಟಿಯಾಗುತ್ತದೆ. ಸುಮ್ನೆ ಬಿಟ್ಟು ಒಮ್ಮೆಲೇ ಜಗ್ಗಿದರೆ, ಬೇಸಿಗೆಯಿಡೀ ಬಿಸಿಲಿಗೆ ಬಿದ್ದಿದ್ದ ಬಾವಿ ಹಗ್ಗದ ಗತಿಯೇ.

ಆ ಬೀಗ ತೆಗೆಸಿದ ಒಪ್ಪಂದವೇ ತಾಲೀಮನ್ನೂ ಕತ್ತರಿಸಿತು. ದಿನಕ್ಕೆ ಎರಡು ಹೊತ್ತಿನ ಕಠಿಣ ಅಭ್ಯಾಸ ನಿಂತಿತು. ಸೀಸನ್ನಿನಲ್ಲಿ ಪ್ಯಾಡ್ ಕಟ್ಟಿಕೊಂಡು ಮೈಗೆ ಮೈ ತಾಗಿಸಿ ಆಡುವ ಅಭ್ಯಾಸ ಒಟ್ಟು 14ಕ್ಕೆ ಇಳಿಯಿತು. 2021ರಿಂದ ಸೀಸನ್ ಪಂದ್ಯಗಳು 16ರಿಂದ 17ಕ್ಕೆ ಏರಿದವು, ಮುನ್ನಾಟದ ಪಂದ್ಯಗಳು 4ರಿಂದ 3ಕ್ಕೆ ಇಳಿದವು. ಆ ಮೂರರಲ್ಲೂ ದೊಡ್ಡ ಹೆಸರಿನವರು ಹೆಚ್ಚಾಗಿ ಬೆಂಚಿನ ಮೇಲೆ. ಆಟಗಾರರು ತಲೆಪೆಟ್ಟು ಕಡಿಮೆಯಾಗಲಿ ಅಂತ ಕೇಳಿದರು, ಕೇಳಿದ್ದು ಸರಿ. ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ಐದು ಲೈನ್‌ಮನ್‌ಗಳು ಒಂದೇ ಬಾಗಿಲಿನ ಹಾಗೆ ಕೂಡಿ ಅಲುಗಾಡುವುದನ್ನು ವಿಡಿಯೋ ನೋಡಿ ಕಲಿಯಲು ಆಗುವುದಿಲ್ಲ. ಎದುರಿನವನ ಭಾರ ಎದೆಗೆ ಬಿದ್ದಾಗಲೇ ಕಾಲು ಎಲ್ಲಿಡಬೇಕು ಅಂತ ಗೊತ್ತಾಗುವುದು.

2023ರಲ್ಲಿ ಜಯಂಟ್ಸ್‌ನ ಆ ಬಾಗಿಲು ಹೇಗಿತ್ತು ಅಂದರೆ, ಅವರ ಕ್ವಾರ್ಟರ್‌ಬ್ಯಾಕ್‌ಗಳನ್ನು ಎದುರಾಳಿಗಳು ಒಟ್ಟು 85 ಸಲ ನೆಲಕ್ಕೆ ಕೆಡವಿದರು. ಲೀಗಿನ ಇತಿಹಾಸದಲ್ಲೇ ಇದು ಎರಡನೇ ಅತಿ ದೊಡ್ಡ ಸಂಖ್ಯೆ. ಅಷ್ಟು ಸಲ ಬಿದ್ದ ಮೇಲೆ ಯಾವ ಮೂಳೆ, ಯಾವ ವಾರ ಅನ್ನುವುದಷ್ಟೇ ಪ್ರಶ್ನೆ.

ನನ್ನ ಪ್ರಕಾರ ಆ ವರ್ಷದ ಅತಿ ಕೆಟ್ಟ ಪಂದ್ಯ ಅಕ್ಟೋಬರ್ 29ರದು. ಮಳೆ. ಜೆಟ್ಸ್ ವಿರುದ್ಧ ಜಯಂಟ್ಸ್. ಜೋನ್ಸ್ ಆಗಲೇ ಕುತ್ತಿಗೆ ನೋವಿನಿಂದ ಹೊರಗಿದ್ದ, ಮಂಡಿ ಹೋದದ್ದು ಆಮೇಲೆ. ಬದಲಿಗೆ ಬಂದ ಟೈರಾಡ್ ಟೇಲರ್ ಪಕ್ಕೆಲುಬಿನ ಪೆಟ್ಟು ತಿಂದು ಆಸ್ಪತ್ರೆಗೆ ಹೋದ. ಮೂರನೆಯವನು ಟಾಮಿ ಡಿವಿಟೊ, ಇಲ್ಲೇ ಪಕ್ಕದ ಊರಿನ ಹುಡುಗ, ಆಗಿನ್ನೂ ಅಪ್ಪ ಅಮ್ಮನ ಮನೆಯಲ್ಲೇ ಇದ್ದವನು. ಅವನ ಕೈಗೆ ಚೆಂಡು ಕೊಟ್ಟು, ದಯವಿಟ್ಟು ಎಸೆಯಬೇಡ ಅಂದ ಹಾಗಿತ್ತು ತಂಡದ ಯೋಜನೆ. ಪಂದ್ಯ ಮುಗಿದಾಗ ಎಸೆತದಿಂದ ಜಯಂಟ್ಸ್ ಗಳಿಸಿದ್ದು ಒಟ್ಟು ಮೈನಸ್ 9 ಗಜ. ಮೈನಸ್! ಇಡೀ ಮಧ್ಯಾಹ್ನ ಎಸೆದು ಮುಂದೆ ಹೋದದ್ದಕ್ಕಿಂತ ಎದುರಾಳಿ ಕೆಡವಿ ಹಿಂದೆ ತಳ್ಳಿದ್ದೇ ಜಾಸ್ತಿ. ಎದುರು ಜೆಟ್ಸ್‌ನಲ್ಲೂ ರಾಡ್ಜರ್ಸ್ ಇಲ್ಲ, ಅವರೇನು ಮೆರೆಯಲಿಲ್ಲ. ಹೆಚ್ಚುವರಿ ಸಮಯದಲ್ಲಿ 13-10ರಿಂದ ಗೆದ್ದರು. ಟಿಕೆಟ್ ಕೊಂಡು ಮಳೆಯಲ್ಲಿ ನೆನೆದು ಬಂದ ನನ್ನ ಹಾಸನದ ಗೆಳೆಯ ಫೋನ್ ಮಾಡಿ ಒಂದೇ ಮಾತು ಹೇಳಿದ. "ಗುರೂ, ಕೆಸರುಗದ್ದೆ ಓಟ ಇದಕ್ಕಿಂತ ಎಷ್ಟೋ ವಾಸಿ."

ಡಿವಿಟೊನನ್ನು ಬೈದವರು ಜಾಸ್ತಿ. ನನಗೆ ಪಾಪ ಅನ್ನಿಸಿತು. ವಾರವಿಡೀ ಅಭ್ಯಾಸದಲ್ಲಿ ಚೆಂಡು ಸಿಗುವುದು ಮೊದಲನೆಯವನಿಗೆ. ಎರಡನೆಯವನು ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ವೇಷ ಹಾಕಿಕೊಂಡು ತನ್ನ ತಂಡದ ರಕ್ಷಣೆಗೆ ತಾಲೀಮು ಕೊಡುತ್ತಾನೆ. ಮೂರನೆಯವನು ನಿಂತು ನೋಡುತ್ತಾನೆ. ಆಮೇಲೆ ಭಾನುವಾರ ಬಣ್ಣ ಹಚ್ಚಿ ರಂಗಕ್ಕೆ ತಳ್ಳಿ, ಮಾತು ಮರೆತ ಅಂತ ಬೈದರೆ? ಕೆಲವು ವಾರ ಅಭ್ಯಾಸ ಸಿಕ್ಕ ಮೇಲೆ ಇದೇ ಹುಡುಗ ಸತತ ಮೂರು ಪಂದ್ಯ ಗೆದ್ದುಕೊಟ್ಟ. ಅದರಲ್ಲಿ ಮೊದಲನೆಯದರಲ್ಲಿ 9 ಸಲ ನೆಲಕ್ಕೆ ಬಿದ್ದೂ ಗೆದ್ದ.

ಹಿಂದೆ ಎರಡನೆಯವರು ತಯಾರಾಗಲು ಬೇರೆ ಜಾಗಗಳಿದ್ದವು. ಅಂಗಡಿಯಲ್ಲಿ ರಾತ್ರಿ ಪಾಳಿ ಸಾಮಾನು ಜೋಡಿಸುತ್ತಿದ್ದ ಕರ್ಟ್ ವಾರ್ನರ್, ಲೀಗಿನ ಯುರೋಪ್ ಶಾಖೆಯಲ್ಲಿ ಆಮ್‌ಸ್ಟರ್‌ಡ್ಯಾಂ ತಂಡಕ್ಕೆ ಆಡಿ ಪಳಗಿದ. 1999ರಲ್ಲಿ ಸೇಂಟ್ ಲೂಯಿಸ್ ತಂಡದ ಮೊದಲನೆಯವನ ಮಂಡಿ ಹೋದಾಗ ಒಳಗೆ ಬಂದು ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟ. ಆ ಯುರೋಪ್ ಶಾಖೆಯನ್ನು 2007ರಲ್ಲಿ ಮುಚ್ಚಿದರು. 2023ರಲ್ಲಿ ಐದು ಕ್ವಾರ್ಟರ್‌ಬ್ಯಾಕ್‌ಗಳನ್ನು ಆಡಿಸಿದ ಕ್ಲೀವ್‌ಲ್ಯಾಂಡ್ ಕೊನೆಗೆ ಯಾರನ್ನು ಕರೆಯಿತು? ಮನೆಯಲ್ಲಿ ಕೂತಿದ್ದ 38 ವರ್ಷದ ಜೋ ಫ್ಲಾಕೊನನ್ನು. ಐದರಲ್ಲಿ ನಾಲ್ಕು ಗೆದ್ದ. ಹಳಬ, ಓಡಲಾರ, ಆದರೆ ಮಾತು ಬಾಯಿಪಾಠ ಇತ್ತು.

"ನಮ್ಮ ಕಾಲದಲ್ಲಿ ಗಂಡಸರು ಆಡ್ತಿದ್ರು" ಅನ್ನುವ ಹಿರಿಯರಿಗೆ ನಾನು ಆಗಿನ ಕ್ವಾರ್ಟರ್‌ಬ್ಯಾಕ್ ಜೋ ಥೀಸ್‌ಮನ್ ಹೆಸರು ಹೇಳುತ್ತೇನೆ. 1985ರ ನವೆಂಬರ್ 18, ಕಾಲು ಎರಡು ತುಂಡು, ವೃತ್ತಿ ಅಲ್ಲಿಗೆ ಮುಗಿಯಿತು. ತಲೆ ಗಿರ್ರೆಂದರೆ ನೀರು ಚಿಮುಕಿಸಿ ಮತ್ತೆ ಒಳಗೆ ಕಳಿಸುತ್ತಿದ್ದ ಕಾಲ ಅದು. ಈಗ ಅದೇ ಪೆಟ್ಟು ಗಾಯದ ಪಟ್ಟಿಗೆ ಬರುತ್ತದೆ. ಪಟ್ಟಿ ಉದ್ದವಾದದ್ದಕ್ಕೆ ಅದೂ ಒಂದು ಕಾರಣ. ಆಟದ ಗುಣಮಟ್ಟದ ಮಾತಿಗೂ ಸ್ವಲ್ಪ ತಡೆ ಹಾಕಬೇಕು. 2020ರಲ್ಲಿ ಒಂದು ತಂಡದ ಸರಾಸರಿ ಪಂದ್ಯಕ್ಕೆ 25 ಅಂಕದ ಹತ್ತಿರ ಹೋಗಿತ್ತು. 2023ರಲ್ಲಿ 22ಕ್ಕಿಂತ ಕೆಳಗೆ. ಅದೆಲ್ಲ ಗಾಯದಿಂದ ಅಲ್ಲ. 2020ರಲ್ಲಿ ಸ್ಟೇಡಿಯಂ ಖಾಲಿ, ಗದ್ದಲವಿಲ್ಲದೆ ಎಸೆಯುವವನಿಗೆ ಆರಾಮ. ಆಮೇಲೆ ರಕ್ಷಣೆಯವರು ಇಬ್ಬರನ್ನು ಹಿಂದೆ ಆಳದಲ್ಲಿ ನಿಲ್ಲಿಸಿ ಉದ್ದದ ಎಸೆತದ ದಾರಿ ಮುಚ್ಚಿದರು. ಅದು ಜಾಣತನ. ನೋಡಲು ಮಾತ್ರ ಬೋರು.

ನನ್ನದೂ ಒಂದು ತಪ್ಪು ಇದೆ. ಕೆಲವು ವರ್ಷದ ಹಿಂದೆ ಹೈಸ್ಕೂಲ್ ತಂಡದ ಕ್ವಾರ್ಟರ್‌ಬ್ಯಾಕ್ ಒಬ್ಬ ಕಣಕಾಲು ಉಳುಕಿಸಿಕೊಂಡು ಬಂದಿದ್ದ. ಬಲ ನೋಡಿದೆ, ಸರಿ ಇತ್ತು. ಹಾರಿಸಿದೆ, ಸರಿ ಇತ್ತು. ಶುಕ್ರವಾರ ಆಡಬಹುದು ಅಂದೆ. ಮೂರನೇ ಕ್ವಾರ್ಟರ್‌ನಲ್ಲಿ ಮತ್ತೆ ಉಳುಕಿತು. ನಾನು ಪರೀಕ್ಷೆ ಮಾಡಿದ್ದು ಬೆಳಗಿನ ತಾಜಾ ಕಾಲನ್ನು. ಒಂದೇ ಪಂದ್ಯದಲ್ಲಿ ನಲವತ್ತು ಸಲ ಚೆಂಡು ಹಿಡಿದು ಆಡಿ ದಣಿದ ಕಾಲು ಬೇರೆಯದೇ. ಈಗ ಮೊದಲು ಸುಸ್ತು ಮಾಡಿಸಿ, ಆಮೇಲೆ ಪರೀಕ್ಷೆ ಮಾಡುತ್ತೇನೆ. ಕೋಚ್‌ಗಳಿಗೆ ಅಷ್ಟು ಹೊತ್ತು ಕಾಯುವುದು ಇಷ್ಟವಿಲ್ಲ.

ಕಾಯುವುದು ಯಾರಿಗೂ ಇಷ್ಟವಿಲ್ಲ. ರಾಡ್ಜರ್ಸ್ ಆಪರೇಷನ್ ಆಗಿ ಹನ್ನೊಂದು ವಾರಕ್ಕೆ ಅಭ್ಯಾಸಕ್ಕೆ ಇಳಿದ ಸುದ್ದಿ ಬಂದ ದಿನ ನನ್ನ ಪಿಕಲ್‌ಬಾಲ್ ಯಜಮಾನರು ಫೋನನ್ನು ನನ್ನ ಮುಖಕ್ಕೆ ಹಿಡಿದರು. "ನೋಡಿ ಡಾಕ್! ಅವನಿಗೆ ಹನ್ನೊಂದು ವಾರ, ನನಗೆ ಒಂಬತ್ತು ತಿಂಗಳಾ?" ಅಭ್ಯಾಸಕ್ಕೆ ಇಳಿದ ರಾಡ್ಜರ್ಸ್ ಆ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದಿನ ವರ್ಷ 17 ಪಂದ್ಯ ಆಡಿದ, ಜೆಟ್ಸ್ ಐದು ಗೆದ್ದು ಹನ್ನೆರಡು ಸೋತಿತು.

ಯಜಮಾನರು ಒಂಬತ್ತು ತಿಂಗಳು ತುಂಬಿದಾಗ ಬಂದರು. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ಪರೀಕ್ಷೆ, ಇಪ್ಪತ್ತೈದು ಆಗಬೇಕು. ಗೋಡೆಗೆ ಎರಡು ಬೆರಳು ಆನಿಸಿಕೊಂಡು ಶುರು ಮಾಡಿದರು. ಹದಿನಾಲ್ಕಕ್ಕೆ ಹಿಮ್ಮಡಿ ನಡುಗಿತು. ಹದಿನೈದನೆಯದು ಅರ್ಧಕ್ಕೆ ನಿಂತಿತು.

"ಸೆಪ್ಟೆಂಬರ್ ಹೊತ್ತಿಗೆ ಆಗತ್ತಾ?" ಅಂದರು.

"ದಿನಾ ಮಾಡಿದರೆ ಆಗತ್ತೆ" ಅಂದೆ.

"ಅಲ್ಲ ಡಾಕ್, ನಾನು ಕೇಳಿದ್ದು ಜೆಟ್ಸ್ ಬಗ್ಗೆ."